ಕೊನೆಯ ದಿನಾಂಕ ವಿದ್ಯಾರ್ಥಿಗೆ ಮಾತ್ರವೇ? ಮುಖ್ಯಮಂತ್ರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಪದವಿ, ಸ್ನಾತಕೋತ್ತರ ಮತ್ತು ಸಂಶೋಧನಾ ವಿದ್ಯಾರ್ಥಿಗಳ ವಿದ್ಯಾರ್ಥಿವೇತನ ಪಾವತಿಗೆ ಸರ್ಕಾರವೂ ಒಂದು ಕೊನೆಯ ದಿನಾಂಕ ಹಾಕಿಕೊಳ್ಳುವ ಬಗ್ಗೆ.

ಮಾನ್ಯರೇ,

ನ್ಯಾಯವಾಗಿ ಈ ಪತ್ರ ಉನ್ನತ ಶಿಕ್ಷಣ ಸಚಿವರಿಗೆ ಹೋಗಬೇಕಿತ್ತು. ಆದರೆ ಕಾಲೇಜುಗಳು ಅವರ ಸುಪರ್ದಿನಲ್ಲಿದ್ದರೂ ವಿದ್ಯಾರ್ಥಿವೇತನ ಬಹುಪಾಲು ಅವರ ಕೈಯಲ್ಲಿಲ್ಲ. ಪರಿಶಿಷ್ಟ ಜಾತಿಯ ಹುಡುಗನ ಅರ್ಜಿ ಸಮಾಜ ಕಲ್ಯಾಣ ಇಲಾಖೆಗೆ ಹೋಗುತ್ತದೆ. ಅವನ ಪಕ್ಕದಲ್ಲಿ ಕೂತ ಹಿಂದುಳಿದ ವರ್ಗದವನ ಅರ್ಜಿಗೆ ಬೇರೆ ಇಲಾಖೆ, ಹಿಂದಿನ ಬೆಂಚಿನ ಮುಸ್ಲಿಂ ಹುಡುಗಿಯದಕ್ಕೆ ಮತ್ತೊಂದು. ರೈತರ ಮಕ್ಕಳ ವಿದ್ಯಾನಿಧಿ ಕೃಷಿ ಇಲಾಖೆಯದು, ಗಾರೆ ಕೆಲಸದವರ ಮಕ್ಕಳ ಸಹಾಯಧನ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯದು. ಒಂದೇ ತರಗತಿಗೆ ಇಷ್ಟು ಇಲಾಖೆಗಳಿರುವಾಗ ಎಲ್ಲರಿಗೂ ಮೇಲಿರುವವರು ತಾವೊಬ್ಬರೇ. ಅದಕ್ಕಾಗಿ ತಮಗೇ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಪಾಠ ಮಾಡುತ್ತಲೇ ವಿದ್ಯಾರ್ಥಿವೇತನದ ನೋಡಲ್ ಅಧಿಕಾರಿಯ ಕೆಲಸವನ್ನೂ ನೋಡಿಕೊಂಡವನು. ಈಗ ನಿವೃತ್ತ. ನಡತೆ ನಿಯಮಗಳ ಹಂಗಿಲ್ಲದೆ ಬರೆಯಲು ಅದೊಂದು ಅನುಕೂಲ.

ಯಾವುದೇ ಪದವಿ ಕಾಲೇಜಿನ ಸೂಚನಾ ಫಲಕದ ಮುಂದೆ ನಿಂತರೂ ಎದ್ದು ಕಾಣುವುದು ಕೊನೆಯ ದಿನಾಂಕಗಳು. ಎಸ್‌ಎಸ್‌ಪಿ ಎಂಬ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿ ಸಲ್ಲಿಸಲು ಕೊನೆಯ ದಿನಾಂಕ, ದಾಖಲೆಗಳ ಇ-ದೃಢೀಕರಣಕ್ಕೆ ಕೊನೆಯ ದಿನಾಂಕ, ಪ್ರತಿಗಳನ್ನು ಕಚೇರಿಗೆ ಒಪ್ಪಿಸಲು ಕೊನೆಯ ದಿನಾಂಕ. ತಪ್ಪಿದರೆ ಆ ವರ್ಷದ ಹಣ ಹೋಯಿತು. ಇವುಗಳ ನಡುವೆ, ಅರ್ಜಿ ಹಾಕಿದವರ ಖಾತೆಗೆ ಇಂಥ ತಾರೀಖಿನೊಳಗೆ ಹಣ ಬೀಳುತ್ತದೆ ಎಂಬ ಒಂದು ಸೂಚನೆಯನ್ನು ನನ್ನ ಸೇವಾವಧಿಯಲ್ಲಿ ನಾನು ಅಂಟಿಸಲಿಲ್ಲ, ಏಕೆಂದರೆ ಅಂಥದೊಂದು ನಮ್ಮ ಕಾಲೇಜಿಗೆ ಬರಲೇ ಇಲ್ಲ. ವಿದ್ಯಾರ್ಥಿವೇತನದ ಮೊತ್ತ ಸಾಲದು ಎಂದು ಸಂಘಟನೆಗಳು ಕೂಗುತ್ತವೆ, ಅದೂ ನಿಜವೇ. ಆದರೆ ಮೊತ್ತಕ್ಕಿಂತ ಮೊದಲು ಮಕ್ಕಳಿಗೆ ಬೇಕಿರುವುದು ತಾರೀಖು. ಜೂನ್‌ನಲ್ಲಿ ಐದು ಸಾವಿರ ಖಂಡಿತವಾಗಿ ಬರುತ್ತದೆ ಎಂದು ಗೊತ್ತಿದ್ದರೆ ಅಪ್ಪ ಅದನ್ನು ನೆಚ್ಚಿಕೊಂಡು ಬಸ್ ಪಾಸು, ಪುಸ್ತಕ, ಪರೀಕ್ಷಾ ಶುಲ್ಕ ಹೊಂದಿಸುತ್ತಾನೆ. ಹತ್ತು ಸಾವಿರ ಯಾವತ್ತೋ ಬರುತ್ತದೆ ಎಂದರೆ ಕೈಸಾಲವೇ ಗತಿ. ಪರೀಕ್ಷೆ ಮುಗಿದ ಮೇಲೆ ಬರುವ ಹಣ ಆ ಸಾಲದ ಬಡ್ಡಿಗೆ ಹೋಗುತ್ತದೆ.

ಎಸ್‌ಎಸ್‌ಪಿ ಬಂದದ್ದು ಒಳ್ಳೆಯದೇ ಆಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಕಾಗದದ ಅರ್ಜಿಗಳ ಕಾಲದಲ್ಲಿ ಕಟ್ಟುಗಳೇ ಕಾಣೆಯಾಗುತ್ತಿದ್ದವು, ನಡುವಿನವರು ಕೈ ಹಾಕುತ್ತಿದ್ದರು. ಈಗ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಹಾಕಿದರೆ ಅವು ತಾವಾಗಿಯೇ ಪರಿಶೀಲನೆಯಾಗುತ್ತವೆ. ಆದರೆ ಗಣಕಯಂತ್ರ ಕೇಳುವ ಶಿಸ್ತನ್ನೆಲ್ಲ ನಾವು ಹದಿನೆಂಟರ ಹುಡುಗಿಯ ಮೇಲೆ ಹೊರಿಸಿಬಿಟ್ಟಿದ್ದೇವೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದಿದೆ, ಆಧಾರ್‌ನಲ್ಲಿ ಮುಂದಿದೆ. ಒಂದು ಕಡೆ ಅಪ್ಪನ ಹೆಸರು ಪೂರ್ತಿ, ಇನ್ನೊಂದು ಕಡೆ ಒಂದೇ ಅಕ್ಷರ. ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಕಳೆದ ತಿಂಗಳಷ್ಟೇ ಮುಗಿದಿದೆ. ಇವನ್ನು ಸರಿಪಡಿಸಲು ನಾಡಕಚೇರಿಗೊಮ್ಮೆ, ಗ್ರಾಮ ಒನ್ ಕೇಂದ್ರಕ್ಕೊಮ್ಮೆ ಅಲೆಯಬೇಕು. ಪ್ರತಿ ಅಲೆದಾಟಕ್ಕೂ ಕೂಲಿಯ ಒಂದು ದಿನ ಹೋಗುತ್ತದೆ, ಬಹುತೇಕ ಅಮ್ಮನದು.

ಒಮ್ಮೆ ಬಿ.ಕಾಂ. ಎರಡನೆಯ ವರ್ಷದ ಹುಡುಗಿಯೊಬ್ಬಳು ಮೊಬೈಲ್ ಹಿಡಿದುಕೊಂಡು ಬಂದಳು. “ಸರ್, ಹಣ ಪಾವತಿಯಾಗಿದೆ ಎಂದು ತೋರಿಸುತ್ತಿದೆ, ಪಾಸ್‌ಬುಕ್‌ನಲ್ಲಿ ಮಾತ್ರ ಇಲ್ಲ” ಎಂದಳು. ಬ್ಯಾಂಕಿನವರು ನಮ್ಮಲ್ಲಿಗೆ ಬಂದಿಲ್ಲ ಎಂದು ಕೈತೊಳೆದುಕೊಂಡಿದ್ದರು. ಹುಡುಕುತ್ತ ಹೋದಾಗ ತಿಳಿದದ್ದು ಇಷ್ಟು: ಹಿಂದಿನ ವರ್ಷ ಅವಳ ಅಣ್ಣ ಅವಳಿಂದ ಬೆರಳಚ್ಚು ಕೊಡಿಸಿ ಒಂದು ಸಿಮ್ ಕೊಂಡಿದ್ದ. ಆಗ ಅಂಗಡಿಯಲ್ಲೇ ಅವಳ ಹೆಸರಿಗೆ ಪೇಮೆಂಟ್ಸ್ ಬ್ಯಾಂಕಿನ ಖಾತೆಯೊಂದು ತೆರೆದುಕೊಂಡಿತ್ತು. ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿ (ಯಾರ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಎಂಬ ಪಟ್ಟಿ) ಆಧಾರ್ ಯಾವ ಖಾತೆಗೆ ಕಡೆಯದಾಗಿ ಜೋಡಣೆಯಾಗಿದೆಯೋ ಸರ್ಕಾರದ ಹಣ ಅಲ್ಲಿಗೇ ಹೋಗುತ್ತದೆ. ಅವಳ ವಿದ್ಯಾರ್ಥಿವೇತನ ಆ ಖಾತೆಯಲ್ಲಿ ತಣ್ಣಗೆ ಕೂತಿತ್ತು. ಸಿಮ್ಮನ್ನು ಅಣ್ಣ ಎಂದೋ ಬಿಸಾಕಿದ್ದ, ಪಿನ್ ಯಾರಿಗೂ ಗೊತ್ತಿರಲಿಲ್ಲ. ಸರ್ಕಾರದ ದಾಖಲೆಯಲ್ಲಿ ಮಾತ್ರ ಆಕೆ ಆ ವರ್ಷದ ಫಲಾನುಭವಿ. ಹಣ ಕಳುಹಿಸುವ ಮುನ್ನ, “ನಿಮ್ಮ ಹಣ ಇಂಥ ಬ್ಯಾಂಕಿನ ಈ ನಾಲ್ಕು ಅಂಕಿಯಲ್ಲಿ ಕೊನೆಗೊಳ್ಳುವ ಖಾತೆಗೆ ಹೋಗಲಿದೆ, ಒಪ್ಪಿಗೆಯೇ?” ಎಂದು ಕನ್ನಡದಲ್ಲಿ ಒಂದು ಸಂದೇಶ ಕಳುಹಿಸಲು ಎಷ್ಟು ಖರ್ಚಾದೀತು?

ವಿಳಂಬದ ದೊಡ್ಡ ಕಾರಣ ಇನ್ನೂ ಮೇಲಿದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿತು. ಐದು ವರ್ಷಕ್ಕೆ 59,048 ಕೋಟಿ ರೂಪಾಯಿ ಎಂದಿತು, ಕೇಂದ್ರಕ್ಕೆ 60 ಪಾಲು, ರಾಜ್ಯಕ್ಕೆ 40. ರಾಜ್ಯ ತನ್ನ ಪಾಲನ್ನು ವಿದ್ಯಾರ್ಥಿಯ ಖಾತೆಗೆ ಹಾಕಿದ ಮೇಲೆ ಕೇಂದ್ರದ ಪಾಲು ನೇರವಾಗಿ ಅದೇ ಖಾತೆಗೆ ಬರಬೇಕು. ಅಂದರೆ ನಮ್ಮ ಹಣಕಾಸು ಇಲಾಖೆಯಲ್ಲಿ ಕಡತ ಒಂದು ತಿಂಗಳು ಮಲಗಿದರೆ ದೆಹಲಿಯ 60 ಪಾಲೂ ಒಂದು ತಿಂಗಳು ಮಲಗುತ್ತದೆ. ದೆಹಲಿಯಿಂದ ಬರಬೇಕಾದ ತೆರಿಗೆ ಪಾಲಿಗಾಗಿ ತಾವು ದನಿಯೆತ್ತುವುದು ಸರಿಯಾದದ್ದೇ. ಆದರೆ ಇಲ್ಲಿ ಬೀಗದ ಕೈ ನಮ್ಮ ಬಳಿಯೇ ಇದೆ. ಅದೇ ಮಾರ್ಗಸೂಚಿ ವಿದ್ಯಾರ್ಥಿಗೆ ಹೇಳುವುದೇನು ಗೊತ್ತೇ? ಹಣ ಬಂದ ಏಳು ದಿನದೊಳಗೆ ಶುಲ್ಕವನ್ನು ಕಾಲೇಜಿಗೆ ಕಟ್ಟಬೇಕು ಎಂದು. ಸರ್ಕಾರ ತಿಂಗಳುಗಟ್ಟಲೆ ತೆಗೆದುಕೊಂಡರೂ ವಿದ್ಯಾರ್ಥಿಗೆ ಒಂದು ವಾರವಷ್ಟೇ.

ಹಣ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಎಂದಾದ ಮೇಲೆ ಖಾಸಗಿ ಕಾಲೇಜುಗಳು ಜಾಣವಾಗಿವೆ. ಮೊದಲು ಪೂರ್ತಿ ಶುಲ್ಕ ಕಟ್ಟಿ, ಸ್ಕಾಲರ್‌ಶಿಪ್ ಬಂದಾಗ ನೀವೇ ಇಟ್ಟುಕೊಳ್ಳಿ ಎನ್ನುತ್ತವೆ. ಕಟ್ಟಲಾಗದವರ ಪ್ರವೇಶಪತ್ರ ಪರೀಕ್ಷೆಯ ಹಿಂದಿನ ದಿನದವರೆಗೂ ಕಚೇರಿಯ ಮೇಜಿನಲ್ಲೇ ಇರುತ್ತದೆ. ಕಾಲೇಜುಗಳು ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಮುಂಗಡ ಶುಲ್ಕವಿಲ್ಲದೆ ದಾಖಲಾಗಲು ಫ್ರೀಶಿಪ್ ಕಾರ್ಡ್ ಎಂಬ ವ್ಯವಸ್ಥೆ ಕೇಂದ್ರದ ಮಾರ್ಗಸೂಚಿಯಲ್ಲಿದೆ. ಅದನ್ನು ಕೈಯಲ್ಲಿ ಹಿಡಿದು ಬಂದ ವಿದ್ಯಾರ್ಥಿಯನ್ನು ನಾನಂತೂ ನೋಡಲಿಲ್ಲ.

ಇನ್ನು ಮೇಲ್ಮೇಲಿನ ಓದಿಗೆ ಬರೋಣ. ಹಂತ ಏರಿದಂತೆ ನೆರವೂ ಏರಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ರೈತ ವಿದ್ಯಾನಿಧಿಯಲ್ಲಿ ಅದು ಕಾಣುತ್ತದೆ. 2021ರಲ್ಲಿ ಶುರುವಾದಾಗ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ಇತ್ತು. ಸ್ನಾತಕೋತ್ತರಕ್ಕೆ ಅದು 10,000 ಮತ್ತು 11,000. ಕೇಂದ್ರ ವಲಯದ ವಿದ್ಯಾರ್ಥಿವೇತನವೂ ಪದವಿಗೆ 12,000, ಸ್ನಾತಕೋತ್ತರಕ್ಕೆ 20,000 ಎಂದು ಏರುತ್ತದೆ, ಪ್ರತಿಭಾವಂತರಿಗೆ ಮಾತ್ರ. ಯುಜಿಸಿಯ ಸ್ನಾತಕೋತ್ತರ ವಿದ್ಯಾರ್ಥಿವೇತನ ತಿಂಗಳಿಗೆ 15,000ದಂತೆ ವರ್ಷದಲ್ಲಿ ಹತ್ತು ತಿಂಗಳು ಸಿಗುತ್ತದೆ. ಮೊತ್ತ ಕೇಳಲು ಹಿತವಾಗಿದೆ, ಆದರೆ ಇಡೀ ದೇಶಕ್ಕೆ ಇರುವುದು ಹತ್ತು ಸಾವಿರ. ಉಳಿದ ಸಾಮಾನ್ಯ ಎಂ.ಎ. ವಿದ್ಯಾರ್ಥಿಯ ಲೆಕ್ಕವನ್ನು ತಾವೇ ಒಮ್ಮೆ ನೋಡಬೇಕು.

ಪರಿಶಿಷ್ಟ ಜಾತಿಯ ಹುಡುಗಿಯೊಬ್ಬಳು ಬಿ.ಎ. ಮುಗಿಸಿದ್ದಾಳೆ ಎಂದಿಟ್ಟುಕೊಳ್ಳಿ. ಕೆಲಸ ಸಿಗದೆ ಮನೆಯಲ್ಲಿದ್ದರೆ ತಮ್ಮ ಯುವನಿಧಿಯಡಿ ಅವಳಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಎಂ.ಎ.ಗೆ ಸೇರಿದರೆ ಯುವನಿಧಿ ಇಲ್ಲ, ಉನ್ನತ ವ್ಯಾಸಂಗಕ್ಕೆ ಹೋದವರು ಅರ್ಹರಲ್ಲ ಎಂಬುದು ನಿಯಮ. ಆಗ ಅವಳಿಗೆ ಸಿಗುವುದು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ವೃತ್ತಿಪರವಲ್ಲದ ಪದವಿ ಮತ್ತು ಸ್ನಾತಕೋತ್ತರ ಕೋರ್ಸುಗಳಿಗೆ, ಶುಲ್ಕ ಬಿಟ್ಟು, ಕೇಂದ್ರದ ಮಾರ್ಗಸೂಚಿ 2021ರಲ್ಲಿ ನಿಗದಿ ಮಾಡಿದ ಶೈಕ್ಷಣಿಕ ಭತ್ಯೆ ಮನೆಯಿಂದ ಓಡಾಡುವವರಿಗೆ 3,000 ರೂಪಾಯಿ. ತಿಂಗಳಿಗಲ್ಲ, ವರ್ಷಕ್ಕೆ. ಹಾಸ್ಟೆಲ್‌ನಲ್ಲಿದ್ದರೆ 6,000. ಮನೆಯಲ್ಲಿ ಕೂತ ಎರಡು ವರ್ಷಕ್ಕೆ 72,000, ಎಂ.ಎ. ಓದಿದ ಎರಡು ವರ್ಷಕ್ಕೆ ಆರು ಸಾವಿರ. ಯುವನಿಧಿಯ ಬಗ್ಗೆ ನನಗೆ ಅಸೂಯೆಯಿಲ್ಲ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ತಾವು ಅದಕ್ಕೆ ಚಾಲನೆ ಕೊಟ್ಟಾಗ ನನ್ನ ಹಳೆಯ ವಿದ್ಯಾರ್ಥಿಗಳು ಸಂತೋಷಪಟ್ಟದ್ದನ್ನು ಕಂಡಿದ್ದೇನೆ. ಆದರೆ ಮುಂದೆ ಓದಿದರೆ ನಷ್ಟ ಎಂಬ ಲೆಕ್ಕವನ್ನು ಬಡವರ ಮನೆಯ ಮುಂದೆ ಇಡುವುದು ಯಾವ ಸರ್ಕಾರಕ್ಕೂ ಶೋಭೆಯಲ್ಲ. ಮಗಳಿಗೆ ಗಂಡು ನೋಡಲು ಕಾರಣ ಹುಡುಕುತ್ತಿರುವ ಅಪ್ಪನಿಗೆ ಇದೊಂದು ಸಾಕು.

ಸಾಲ ಇದೆಯಲ್ಲ ಎನ್ನುವವರಿದ್ದಾರೆ. ಇಂಜಿನಿಯರಿಂಗ್, ವೈದ್ಯಕೀಯಕ್ಕೆ ಶೇ 2ರ ಬಡ್ಡಿಯಲ್ಲಿ ರಾಜ್ಯದ ನಿಗಮಗಳು ಕೊಡುವ ‘ಅರಿವು’ ಸಾಲ ನಿಜಕ್ಕೂ ಉಪಕಾರಿ. ಕೇಂದ್ರದ ಪಿಎಂ-ವಿದ್ಯಾಲಕ್ಷ್ಮಿಗೆ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಆದರೆ ಅದು ಶ್ರೇಯಾಂಕದಲ್ಲಿ ಮೇಲಿರುವ ಸಂಸ್ಥೆಗಳಿಗೆ (ಆರಂಭದಲ್ಲಿ 860) ಸೇರಿದವರಿಗೆ. ನಮ್ಮ ತಾಲ್ಲೂಕು ಕಾಲೇಜುಗಳ ಮಕ್ಕಳಿಗೆ ಅದರ ಜಾಹೀರಾತಷ್ಟೇ ಸಿಗುತ್ತದೆ. ಕನ್ನಡ ಎಂ.ಎ., ಇತಿಹಾಸ ಎಂ.ಎ. ಓದಲು ಸಾಲ ಮಾಡಿ ಎಂದು ಯಾರಿಗೆ ತಾನೇ ಹೇಳಲು ಬಾಯಿ ಬಂದೀತು?

ಸಂಶೋಧನೆಯ ಮಟ್ಟದಲ್ಲಿ ಅಸಮಾನತೆ ಕಣ್ಣಿಗೆ ರಾಚುತ್ತದೆ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಗಿಟ್ಟಿಸಿದವನಿಗೆ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷದ ಬಳಿಕ 42,000. ಅದು ಸಿಗದೆ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುವವನಿಗೆ ಯುಜಿಸಿಯ ನಾನ್-ನೆಟ್ ಫೆಲೋಶಿಪ್ 8,000. ಜೆಆರ್‌ಎಫ್ 25,000ದಿಂದ 31,000ಕ್ಕೆ, ಅಲ್ಲಿಂದ 37,000ಕ್ಕೆ ಏರಿದರೂ ಈ ಎಂಟು ಸಾವಿರ ಕದಲಿಲ್ಲ. 2015ರಲ್ಲಿ ಅದನ್ನೂ ನಿಲ್ಲಿಸಲು ಯುಜಿಸಿ ಹೊರಟಾಗ ವಿದ್ಯಾರ್ಥಿಗಳು ದೆಹಲಿಯ ಯುಜಿಸಿ ಕಚೇರಿಯ ಮುಂದೆ ಕೂತು ಉಳಿಸಿಕೊಂಡರು. ಇನ್ನು ರಾಜ್ಯ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಯುಜಿಸಿಯಿಂದ ಅದೂ ಇಲ್ಲ. ಕಲಬುರಗಿ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಕಲಬುರಗಿಯ ಜ್ಞಾನಗಂಗೆಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ. ಒಂದೇ ಊರಿನ ಇಬ್ಬರು ಗೆಳೆಯರು ವಚನಗಳ ಮೇಲೋ ತತ್ವಪದಗಳ ಮೇಲೋ ಸಂಶೋಧನೆಗೆ ತೊಡಗಿದರೆ, ಎಡಕ್ಕೆ ಹೋದವನಿಗೆ ಎಂಟು ಸಾವಿರ, ಬಲಕ್ಕೆ ಹೋದವನಿಗೆ ಯುಜಿಸಿಯಿಂದ ಸೊನ್ನೆ. 2009ರಲ್ಲಿ ಆರಂಭವಾದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ 2022-23ರಿಂದ ನಿಲ್ಲಿಸಿದ ಮೇಲೆ ಅಲ್ಪಸಂಖ್ಯಾತ ಸಂಶೋಧಕರ ಒಂದು ದಾರಿಯೂ ಮುಚ್ಚಿತು.

ರಾಜ್ಯದ ಇಲಾಖೆಗಳು ಪಿಎಚ್‌.ಡಿ.ಗೆ ಕೊಡುವ ಫೆಲೋಶಿಪ್‌ಗಳೂ ಇವೆ. ನನ್ನ ಹಳೆಯ ವಿದ್ಯಾರ್ಥಿಗಳು ಹೇಳುವ ಪ್ರಕಾರ ಅವು ತಿಂಗಳ ಲೆಕ್ಕದಲ್ಲಿ ಮಂಜೂರಾಗಿ ವರ್ಷದ ಲೆಕ್ಕದಲ್ಲಿ ಕೈಸೇರುತ್ತವೆ. ಪೂರ್ಣಾವಧಿ ಸಂಶೋಧಕ ಬೇರೆ ಕೆಲಸ ಮಾಡಕೂಡದು ಎಂಬ ಮುಚ್ಚಳಿಕೆ ಬರೆಸಿಕೊಳ್ಳುವ ಸರ್ಕಾರಕ್ಕೆ ಆತನ ಮೆಸ್ ಬಿಲ್ಲು ಮಾತ್ರ ಪ್ರತಿ ತಿಂಗಳೂ ಬರುತ್ತದೆ ಎಂಬುದು ಹೊಳೆಯುವುದಿಲ್ಲ.

ಏಪ್ರಿಲ್ 14ರಂದು ನಾವೆಲ್ಲ ಮಾಲೆ ಹಾಕುವ ಅಂಬೇಡ್ಕರರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಎಷ್ಟು, ಎಲ್ಲಿಯವರೆಗೆ ಎಂಬುದು ಹೊರಡುವ ಮೊದಲೇ ನಿಗದಿಯಾಗಿತ್ತು. ಮುಂದೆ ಲಂಡನ್ನಿನಲ್ಲಿ ಓದುತ್ತಿದ್ದಾಗ ಆ ನೆರವಿನ ಅವಧಿ ಮುಗಿದು, 1917ರಲ್ಲಿ ಅಧ್ಯಯನವನ್ನು ಅರ್ಧಕ್ಕೆ ಬಿಟ್ಟು ಹಿಂತಿರುಗಬೇಕಾಯಿತು. ಅಂಥ ಮೇಧಾವಿಯ ಓದೇ ಹಣವಿಲ್ಲದೆ ನಿಂತದ್ದುಂಟು.

ನಮ್ಮ ಹಿರಿಯರಲ್ಲಿ ಅನೇಕರು ವಾರಾನ್ನದಲ್ಲಿ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಸಾರು ನೀರಾಗಿರಬಹುದು, ಬಡಿಸುವವರ ಮುಖ ಗಂಟಿಕ್ಕಿರಬಹುದು, ಆದರೆ ಸೋಮವಾರದ ಊಟ ಸೋಮವಾರವೇ ಸಿಗುತ್ತಿತ್ತು. ಸರ್ಕಾರದ ವಿದ್ಯಾರ್ಥಿವೇತನ ಸೋಮವಾರದ ಊಟವನ್ನು ಮುಂದಿನ ಯುಗಾದಿಗೆ ಬಡಿಸುತ್ತಿದೆ. ವಾರಾನ್ನವನ್ನು ಹೊಗಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಆ ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆಯುತ್ತಿರಲಿಲ್ಲ. ಉಳಿದವರಿಗೆ ಸಿದ್ಧಗಂಗೆಯಂಥ ಮಠಗಳ ದಾಸೋಹವೋ, ಆಮೇಲೆ ಸರ್ಕಾರಿ ಹಾಸ್ಟೆಲ್ಲೋ ದಿಕ್ಕಾದವು. ಯಾರಿಗೆ ಯಾವ ಮನೆಯ ಬಾಗಿಲೂ ತೆರೆದಿರಲಿಲ್ಲವೋ ಅವರ ಪಾಲಿಗೆ ಇಂದು ಸರ್ಕಾರವೇ ಆ ಮನೆ. ಹಾಸ್ಟೆಲ್ ಸೀಟು ಸಿಗದವರಿಗೆಂದು ತಾವೇ ಈ ಹಿಂದೆ ತಂದ ವಿದ್ಯಾಸಿರಿ ಹುಟ್ಟಿದ್ದೂ ಇದೇ ಅರಿವಿನಿಂದ: ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಊಟದ ಹಣಕ್ಕೂ ತಾರೀಖಿಲ್ಲ ಎಂದರೆ ಹೇಗೆ?

ಹಾಗಾದರೆ ಏನು ಮಾಡಬೇಕು? ಹೊಸ ಯೋಜನೆ, ಹೊಸ ಹೆಸರು, ಹೊಸ ಲಾಂಛನ ಬೇಡ. ಇರುವ ಕಾನೂನೇ ಸಾಕು. ಸಕಾಲ ಕಾಯ್ದೆ 2011ರದು. ಅರ್ಜಿ ವಿಲೇವಾರಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೊಡಬೇಕೆಂದು ಅದು ಹೇಳುತ್ತದೆ. ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಸಕಾಲದ ಗಡುವಿದೆ. ಆ ಪ್ರಮಾಣಪತ್ರ ಯಾವುದಕ್ಕಾಗಿ ಬೇಕಿತ್ತೋ ಆ ಹಣ ಖಾತೆಗೆ ಬೀಳುವವರೆಗೂ ಅದೇ ಗಡುವು ನಡೆದುಬರಲಿ. ಪ್ರವೇಶ ಮುಗಿದ ಅರವತ್ತು ದಿನದೊಳಗೆ ಮೊದಲ ಕಂತು, ಎರಡನೆಯ ಸೆಮಿಸ್ಟರ್ ಆರಂಭದ ತಿಂಗಳಲ್ಲಿ ಉಳಿದದ್ದು ಎಂದು ಆದೇಶ ಹೊರಡಿಸಿ, ಎಲ್ಲ ಇಲಾಖೆಗಳಿಗೂ ಅದೊಂದೇ ತಾರೀಖು ಅನ್ವಯವಾಗಲಿ. ಸರ್ಕಾರಿ ಶಾಲೆಯಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿಯನ್ನು ಎರಡು ಕಂತಿನಲ್ಲಿ ಕೊಡುತ್ತದೆ. ಒಂದು ಪ್ರತಿಷ್ಠಾನಕ್ಕೆ ಕಂತಿನ ಲೆಕ್ಕ ಇಡಲು ಸಾಧ್ಯವಾದರೆ ಖಜಾನೆ-2ರಂಥ ಪಾವತಿ ತಂತ್ರಾಂಶ ಇರುವ ಸರ್ಕಾರಕ್ಕೆ ಸಾಧ್ಯವಿಲ್ಲವೇ?

ಎರಡನೆಯ, ಮೂರನೆಯ ವರ್ಷದವರು ಮೊದಲಿನಿಂದ ಅರ್ಜಿ ಹಾಕುವ ಪದ್ಧತಿ ನಿಲ್ಲಬೇಕು. ಒಂದು ವರ್ಷದಲ್ಲಿ ಯಾರ ಜಾತಿಯೂ ಬದಲಾಗುವುದಿಲ್ಲ. ತೇರ್ಗಡೆಯಾದರೋ ಇಲ್ಲವೋ ಎಂಬುದು ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ತಂತ್ರಾಂಶಕ್ಕೆ ಗೊತ್ತಿದೆ, ಅದು ಎಸ್‌ಎಸ್‌ಪಿಗೆ ಹೇಳಲಿ. ಹಾಗೆ ಮಾಡಿದರೆ ಖೋಟಾ ಅರ್ಜಿಗಳು ನುಸುಳುತ್ತವೆ ಎಂದು ಅಧಿಕಾರಿಗಳು ಹೇಳುತ್ತಾರೆ. ನುಸುಳುವವರು ಇದ್ದಾರೆ, ನಾನೂ ಕಂಡಿದ್ದೇನೆ. ಅವರನ್ನು ಮೊದಲ ವರ್ಷದಲ್ಲೇ ಬಿಗಿಯಾಗಿ ಪರಿಶೀಲಿಸಿ ಹಿಡಿಯಿರಿ. ಹತ್ತು ಮಂದಿ ಕಳ್ಳರಿಗಾಗಿ ಇಡೀ ಕಾಲೇಜನ್ನು ಪ್ರತಿ ವರ್ಷ ಸಾಲಿನಲ್ಲಿ ನಿಲ್ಲಿಸಬೇಡಿ.

ಎಂ.ಎ., ಎಂ.ಎಸ್ಸಿ., ಎಂ.ಕಾಂ. ಸೇರುವ ಬಡ ವಿದ್ಯಾರ್ಥಿಗಳಿಗೆ ಯುವನಿಧಿಯ ಅರ್ಧದಷ್ಟನ್ನಾದರೂ, ತಿಂಗಳಿಗೆ 1,500 ರೂಪಾಯಿ, ಓದು ಮುಗಿಯುವವರೆಗೆ ಕೊಡಿ. ಪಿಎಚ್‌.ಡಿ. ಫೆಲೋಶಿಪ್ಪನ್ನು ವಿಶ್ವವಿದ್ಯಾಲಯದ ಸಿಬ್ಬಂದಿಯ ಸಂಬಳದ ಬಿಲ್ಲಿನ ಜೊತೆಗೇ ಪ್ರತಿ ತಿಂಗಳು ಸೆಳೆಯುವಂತೆ ಮಾಡಿ. ಕುಲಪತಿಗಳ ಸಂಬಳ ಬಂದ ದಿನವೇ ಸಂಶೋಧಕನಿಗೂ ಹಣ ಬರುತ್ತದೆ ಎಂದಾದರೆ ತಡವಾದಾಗ ಕೇಳುವವರು ಹೆಚ್ಚುತ್ತಾರೆ. ಮತ್ತು ಒಮ್ಮೆ ಘೋಷಿಸಿದ ಮೊತ್ತವನ್ನು ವರ್ಷದ ಮಧ್ಯೆ ಕಡಿಮೆ ಮಾಡಬೇಡಿ. ಕಟ್ಟಡ ಕಾರ್ಮಿಕರ ಮಕ್ಕಳ ಸಹಾಯಧನವನ್ನು 2023ರಲ್ಲಿ ಕಡಿತ ಮಾಡಿದಾಗ, ತರಗತಿಯಲ್ಲಿರಬೇಕಾದ ಹೆಣ್ಣುಮಕ್ಕಳು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

ಕೊನೆಯದಾಗಿ ಒಂದು ಸಣ್ಣ ಕೋರಿಕೆ. ಬಜೆಟ್‌ಗೆ ಮುನ್ನ ತಾವು ರೈತ ಮುಖಂಡರನ್ನು, ಉದ್ಯಮಿಗಳನ್ನು ಕರೆಸಿ ಸಭೆ ನಡೆಸುತ್ತೀರಿ. ಈ ಸಲ ಜಿಲ್ಲೆಗೊಬ್ಬರಂತೆ ಕಾಲೇಜುಗಳ ಸ್ಕಾಲರ್‌ಶಿಪ್ ವಿಭಾಗದ ಗುಮಾಸ್ತರನ್ನೂ ಕರೆಸಿ. ಪ್ರಾಂಶುಪಾಲರು ಬೇಡ, ಗುಮಾಸ್ತರೇ ಬರಲಿ. ಯಾವ ಇಲಾಖೆಯ ಯಾವ ಮೇಜಿನಲ್ಲಿ ಎಷ್ಟು ದಿನ ಕಡತ ನಿಲ್ಲುತ್ತದೆ ಎಂಬುದು ಅವರಿಗೆ ಬಾಯಿಪಾಠ ಬರುತ್ತದೆ. ಹಣಕಾಸು ಇಲಾಖೆಯ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಅವರನ್ನು ಮಾತನಾಡಿಸಿ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ನಿವೃತ್ತ ಅಧ್ಯಾಪಕ